ಫೋಟೊದ ಬೆನ್ನು

ತೊಂಬತ್ತರ ದಶಕದಲ್ಲಿ ಬೇ ಏರಿಯಾದ ಕನ್ನಡ ಮನೆಗಳಲ್ಲಿ ರೋಲ್ ತೊಳೆಯಲು ಕೊಟ್ಟರೆ ಎರಡೆರಡು ಪ್ರಿಂಟ್ ಹಾಕಿಸುವುದು ರೂಢಿ. ಒಂದು ನಮಗೆ, ಇನ್ನೊಂದು ಊರಿಗೆ. ಏರ್‌ಮೇಲ್‌ಗೆ ತೂಕದ ಲೆಕ್ಕವಾದ್ದರಿಂದ ಮೂವತ್ತಾರರಲ್ಲಿ ಎಂಟೊ ಹತ್ತೊ ಆರಿಸಬೇಕು. ಆರಿಸುತ್ತ ಕೂತಾಗಲೇ ಕಥೆ ಹುಟ್ಟುತ್ತಿತ್ತು. ಹೊಸ ಕಾರಿಗೆ ಒರಗಿ ನಿಂತದ್ದು ಹೋಗಲೇಬೇಕು. (ಕಾರು ಎಷ್ಟೋ ಸಲ ಗೆಳೆಯನದು ಎನ್ನಿ.) ಮಂಜಿನಲ್ಲಿ ಗೋಲ್ಡನ್ ಗೇಟ್ ಕಾಣದಿದ್ದರೂ ಆ ಫೋಟೊ ಹೋಗಬೇಕು. ಅದರ ಬೆನ್ನಿಗೆ ಹೀಗೆ ಬರೆದಿದ್ದೆ: “ಅಮ್ಮಾ, ಹಿಂದೆ ಸೇತುವೆ ಇದೆ, ನಂಬು. ಸ್ವೆಟರ್ ನೀನು ಹೆಣೆದದ್ದೇ.” ಬಾಲ್‌ಪೆನ್ ಒತ್ತಿ ಬರೆದರೆ ಮುಂದುಗಡೆ ಮುಖದ ಮೇಲೆ ಗೆರೆ ಮೂಡುತ್ತಿತ್ತು, ಒಣಗದ ಶಾಯಿ ಕೆಳಗಿನ ಫೋಟೊಗೆ ಮೆತ್ತಿಕೊಳ್ಳುತ್ತಿತ್ತು. ಊರಲ್ಲಿ ಅಮ್ಮ ಬೀದಿಗೆಲ್ಲ ತೋರಿಸುವಾಗ ಮೊದಲು ಬೆನ್ನು ಓದಿ, ಆಮೇಲೆ ಚಿತ್ರ ತಿರುಗಿಸುತ್ತಿದ್ದಳಂತೆ.

ಚಿತ್ರದಲ್ಲಿ ಕಥೆ ಹೇಳುವುದು ಈ ನೆಲಕ್ಕೆ ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟುಡಿಯೊ ನಡೆಸಿದ್ದ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ ವಲಸೆ ಕೂಲಿ ತಾಯಿಯ ಚಿತ್ರವನ್ನು ನೋಡದವರು ಕಡಿಮೆ. ಫೋಟೊಗಳ ಜೊತೆಗೆ ಉದ್ದುದ್ದ ಟಿಪ್ಪಣಿ ಬರೆಯುತ್ತಿದ್ದ ಲ್ಯಾಂಗ್, ಅಂದು ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ.

ಪ್ರಿಂಟಿನ ಕಾಲ ಮುಗಿಯುತ್ತ ಬಂತು. ಐಫೋನನ್ನು 2007ರಲ್ಲಿ ಮೊದಲು ಎತ್ತಿ ತೋರಿಸಿದ್ದೂ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ. ನಮ್ಮವರೆಲ್ಲ ಎಡತಾಕುತ್ತಿದ್ದ ಕಾಸ್ಟ್‌ಕೊ ಅಂಗಡಿಗಳ ಫೋಟೊ ಕೌಂಟರುಗಳು 2021ರಲ್ಲಿ ಮುಚ್ಚಿದವು. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1945ರಲ್ಲಿ ಫೋಟೊಗ್ರಫಿ ವಿಭಾಗ ತೆರೆದಿದ್ದ ಇಲ್ಲಿನ ಕಲಾಶಾಲೆ 2022ರಲ್ಲಿ ಪಾಠ ನಿಲ್ಲಿಸಿತು.

ಈಗ ಒಂದು ನಾಮಕರಣಕ್ಕೆ ಇನ್ನೂರು ಚಿತ್ರಗಳು ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತವೆ. ಊರಿನಿಂದ ಒಂದು ಹೆಬ್ಬೆರಳು ಬರುತ್ತದೆ, ಮುಗಿಯಿತು. ಚಿತ್ರಗಳೇನೋ ಚೆನ್ನಾಗಿರುತ್ತವೆ, ನಮ್ಮ ಕಾಲದ ಕೆಂಪುಗಣ್ಣು ಯಾರಿಗೂ ಇಲ್ಲ. ಆದರೆ ಯಾರೂ ಆರಿಸುವುದಿಲ್ಲ, ಹಾಗಾಗಿ ಯಾರೂ ಏನೂ ಹೇಳುವುದಿಲ್ಲ. ನನಗೆ ಅದು ನಷ್ಟವೇ.

ಈ ಸಲ ರಜೆಗೆ ಊರಿಗೆ ಹೋದಾಗ ಹಳೇ ಆಲ್ಬಮ್ ಸ್ಕ್ಯಾನ್ ಮಾಡುತ್ತೀರಲ್ಲ, ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಅದು ಖಾಲಿ ಇದ್ದರೆ, ಗುರುತು ಹಿಡಿಯುವ ಹಿರಿಯರು ಇರುವಾಗಲೇ ಕೇಳಿ, ಹೆಸರು ಬರೆದಿಡಿ. ಪೆನ್ಸಿಲ್ಲಿನಲ್ಲಿ, ಮೆಲ್ಲಗೆ.