ಕಿಡ್ನಿಯ ಕೂಗು

ಥಲಸೇಮಿಯಾ ಇರುವ ಮಗಳಿಗೆ 3 ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಮೊನ್ನೆ ಕೇಳಿದಳು: "ಅಮ್ಮಾ, ನನ್ನ ಮೈ ಯಾಕೆ ರಕ್ತ ಮಾಡಲ್ಲ?"

"ಮಾಡುತ್ತೆ ಪುಟ್ಟಿ. ರಕ್ತ ಕಡಿಮೆಯಾದರೆ ಕಿಡ್ನಿ ಎರಿತ್ರೋಪೊಯೆಟಿನ್ ಅನ್ನೋ ದೂತನನ್ನು ಮೂಳೆಮಜ್ಜೆಗೆ ಕಳಿಸುತ್ತೆ. ಮಜ್ಜೆ ಹಗಲೂ ರಾತ್ರಿ ದುಡಿಯುತ್ತೆ. ಆದರೆ ಹಿಮೋಗ್ಲೋಬಿನ್‌ಗೆ ಆಲ್ಫಾ, ಬೀಟಾ ಎರಡೂ ಎಳೆ ಬೇಕು. ನಿನ್ನಲ್ಲಿ ಬೀಟಾ ಸಾಲದು. ಉಳಿದ ಆಲ್ಫಾ ಗಂಟುಕಟ್ಟಿ, ಕೆಂಪುಕಣ ಬೆಳೆಯುವ ಮೊದಲೇ ಸಾಯುತ್ತೆ. ಕಿಡ್ನಿ ಮತ್ತೆ ಕೂಗುತ್ತೆ, ಮಜ್ಜೆ ಉಬ್ಬುತ್ತೆ, ಮೂಳೆ ತೆಳುವಾಗುತ್ತೆ."

"ಈ ರಕ್ತ ಹಾಕಿದ್ರೆ?"

"ಕೂಗು ತಗ್ಗುತ್ತೆ. ಮಜ್ಜೆಗೂ ವಿಶ್ರಾಂತಿ."

ಬೀಟಾ ಯಾಕೆ ಕಡಿಮೆ ಅಂತ ಅವಳು ಕೇಳಲಿಲ್ಲ, ಪುಣ್ಯ. ನನ್ನಿಂದೊಂದು, ಅವರಪ್ಪನಿಂದೊಂದು ದೋಷವಿರುವ ಜೀನ್ ಬಂದಿದೆ. ಮದುವೆಗೆ ಮುಂಚೆ ಜಾತಕ ತೋರಿಸಿದ್ದೆವು. ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ಚೀಲ ಅರ್ಧ ಖಾಲಿಯಾದಾಗ ಮಗ್ಗುಲಾದಳು. "ಕಿಡ್ನಿ ಸುಮ್ಮನಾಯ್ತಾ, ಕೇಳು." ಅವಳ ಬೆನ್ನಿಗೆ ಕಿವಿಯಿಟ್ಟೆ.