ಆಂಡ್ರೋಮಿಡಾದ ಕ್ಷ-ಕಿರಣ ಗಣತಿ

ಶರತ್ಕಾಲದ ನಿರ್ಮಲ ರಾತ್ರಿಯಲ್ಲಿ, ಊರ ದೀಪಗಳಿಂದ ದೂರದ ಬಯಲಿನಲ್ಲಿ ನಿಂತವರಿಗೆ ಆಂಡ್ರೋಮಿಡಾ ಗೆಲಾಕ್ಸಿಯು ಬರಿಗಣ್ಣಿಗೇ ಮಸುಕಾದ ಬೆಳಕಿನ ಮಚ್ಚೆಯಂತೆ ಗೋಚರಿಸುತ್ತದೆ. ಕ್ರಿ. ಶ. 964ರಲ್ಲಿಯೇ ಪರ್ಷಿಯಾದ ಖಗೋಳಜ್ಞ ಅಲ್-ಸೂಫಿಯು ಇದನ್ನು ಪುಟ್ಟ ಮೋಡವೆಂದು ದಾಖಲಿಸಿದ್ದನು. ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿರುವ ಈ ಸುರುಳಿ ಗೆಲಾಕ್ಸಿಯು ನಮ್ಮ ಆಕಾಶಗಂಗೆಗೆ ಅತಿ ಸಮೀಪದ ದೊಡ್ಡ ನೆರೆಮನೆ. ಆ ಮನೆಯಲ್ಲಿ ಕ್ಷ-ಕಿರಣ ಸೂಸುವ ಕಾಯಗಳೆಷ್ಟು, ಅವು ಯಾವ ಯಾವ ಬಗೆಯವು ಎಂದು ಎಣಿಸಿ ವಿಂಗಡಿಸುವ ಕೆಲಸವು ತಾಳ್ಮೆಯನ್ನು ಬೇಡುವ ಒಂದು ಕಾಯಕವೇ ಸರಿ.

ಆಸ್ಪತ್ರೆಗಳಲ್ಲಿ ಮೂಳೆಯ ಚಿತ್ರ ತೆಗೆಯಲು ಬಳಸುವ ಬಗೆಯ ಕಿರಣಗಳನ್ನೇ ಆಕಾಶದ ಕೆಲವು ಕಾಯಗಳೂ ಸೂಸುತ್ತವೆ. ಲಕ್ಷಾಂತರ, ಕೋಟ್ಯಂತರ ಡಿಗ್ರಿಗಳಷ್ಟು ಕಾಯ್ದ ಅನಿಲವು ಅವುಗಳ ಮುಖ್ಯ ಉಗಮಸ್ಥಾನ. ಭೂಮಿಯ ವಾಯುಮಂಡಲವು ಈ ಕಿರಣಗಳನ್ನು ಹೀರಿಕೊಳ್ಳುವುದರಿಂದ ನೆಲದ ಮೇಲಿನ ದೂರದರ್ಶಕಕ್ಕೆ ಅವು ನಿಲುಕವು. 1962ರ ಜೂನ್‌ನಲ್ಲಿ ರಿಕಾರ್ಡೊ ಜಕೋನಿ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ಉಪಕರಣವನ್ನಿಟ್ಟು ಹಾರಿಸಿ, ಸೌರವ್ಯೂಹದಾಚೆಯ ಮೊದಲ ಕ್ಷ-ಕಿರಣ ಮೂಲವನ್ನು ವೃಶ್ಚಿಕ ರಾಶಿಯಲ್ಲಿ ಕಂಡರು. ಕನ್ನಡ ನಾಡಿಗೂ ಈ ಶಾಸ್ತ್ರದೊಡನೆ ನಂಟುಂಟು. ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧಗೊಂಡು, 1975ರ ಏಪ್ರಿಲ್ 19ರಂದು ನಭಕ್ಕೇರಿದ ಆರ್ಯಭಟ ಉಪಗ್ರಹವು ಕ್ಷ-ಕಿರಣ ವೀಕ್ಷಣೆಯ ಉಪಕರಣವನ್ನೂ ಹೊತ್ತಿತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಆ ಪ್ರಯೋಗ ಕೆಲವೇ ದಿನಗಳಲ್ಲಿ ನಿಂತಿತು. ಆದರೆ 2015ರಲ್ಲಿ ಆಸ್ಟ್ರೋಸ್ಯಾಟ್ ಅದೇ ಹಾದಿಯಲ್ಲಿ ಮೇಲೇರಿತು.

ನಮ್ಮದೇ ಆಕಾಶಗಂಗೆಯನ್ನು ಬಿಟ್ಟು ನೆರೆಮನೆಯನ್ನೇಕೆ ಎಣಿಸಬೇಕು ಎಂಬ ಪ್ರಶ್ನೆ ಸಹಜ. ಮನೆಯೊಳಗೆ ಕುಳಿತವನಿಗೆ ಮನೆಯ ಪೂರ್ಣಾಕಾರ ಕಾಣದು. ಆಕಾಶಗಂಗೆಯ ಧೂಳು ನೋಟಕ್ಕೆ ಅಡ್ಡಬರುತ್ತದೆ. ಒಂದೊಂದು ಮೂಲದ ದೂರವನ್ನೂ ಬೇರೆ ಬೇರೆಯಾಗಿ ಅಳೆಯಬೇಕಾಗುತ್ತದೆ. ಆಂಡ್ರೋಮಿಡಾದ ಮೂಲಗಳಾದರೋ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ, ಅವುಗಳ ಪ್ರಖರತೆಯನ್ನು ನೇರವಾಗಿ ತೂಗಿ ನೋಡಬಹುದು. 1978ರಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯವು ಅಲ್ಲಿ ನೂರಕ್ಕೂ ಮಿಕ್ಕಿ ಮೂಲಗಳನ್ನು ಗುರುತಿಸಿತು. 1990ರಲ್ಲಿ ಹಾರಿದ ಜರ್ಮನಿಯ ರೋಸ್ಯಾಟ್ ಉಪಗ್ರಹದ ಎರಡು ಸಮೀಕ್ಷೆಗಳನ್ನು ಕೂಡಿಸಿದಾಗ ಸಂಖ್ಯೆ 560ಕ್ಕೇರಿತು. 1999ರ ಡಿಸೆಂಬರ್‌ನಲ್ಲಿ ಯೂರೋಪು ಕಳುಹಿಸಿದ ಎಕ್ಸ್ಎಂಎಂ-ನ್ಯೂಟನ್ ಒದಗಿಸಿದ ಚಿತ್ರಗಳನ್ನು ಶೋಧಿಸಿ, ವುಲ್ಫ್‌ಗಾಂಗ್ ಪೀಚ್ ಮತ್ತು ಸಹೋದ್ಯೋಗಿಗಳು 2005ರಲ್ಲಿ 856 ಮೂಲಗಳ ಪಟ್ಟಿಯನ್ನು ಪ್ರಕಟಿಸಿದರು.

ಎಣಿಕೆಗಿಂತ ವಿಂಗಡಣೆ ಕಠಿಣ. ಉಪಕರಣದ ಕಣ್ಣಿಗೆ ಬಹುಪಾಲು ಮೂಲಗಳು ಒಂದೇ ತೆರನಾದ ಚುಕ್ಕೆಗಳು. ಆದುದರಿಂದ ಪ್ರತಿ ಚುಕ್ಕೆಯಿಂದ ಬಂದ ಕಿರಣಗಳಲ್ಲಿ ಮೃದು ಎಷ್ಟು, ಕಠಿಣ ಎಷ್ಟು ಎಂದು, ಅಂದರೆ ಕಡಿಮೆ ಶಕ್ತಿಯವೆಷ್ಟು, ಹೆಚ್ಚು ಶಕ್ತಿಯವೆಷ್ಟು ಎಂದು ಮೊದಲು ಲೆಕ್ಕಹಾಕುತ್ತಾರೆ. ಬಳಿಕ ಅದೇ ಸ್ಥಾನದಲ್ಲಿ ಬೆಳಕಿನ ಹಾಗೂ ರೇಡಿಯೊ ದೂರದರ್ಶಕಗಳು ಏನು ಕಂಡಿವೆಯೆಂದು ಹೋಲಿಸುತ್ತಾರೆ. ಅತಿ ಮೃದು ಕಿರಣಗಳಷ್ಟೇ ಬಂದರೆ, ಮೇಲ್ಮೈಯಲ್ಲಿ ಜಲಜನಕ ಉರಿಯುತ್ತಿರುವ ಶ್ವೇತಕುಬ್ಜವಿರಬಹುದು. ಸಿಡಿದ ನಕ್ಷತ್ರದ, ಅಂದರೆ ಸೂಪರ್‌ನೋವಾದ ಅವಶೇಷವೂ ಸಾಮಾನ್ಯವಾಗಿ ಮೃದುವೇ. ಗೋಳಾಕಾರದ ತಾರಾಗುಚ್ಛದೊಳಗೆ ಕಠಿಣ ಕಿರಣಗಳ ಚುಕ್ಕೆಯಿದ್ದರೆ, ಸಂಗಾತಿ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುತ್ತಿರುವ ನ್ಯೂಟ್ರಾನ್ ನಕ್ಷತ್ರವೋ ಕೃಷ್ಣವಿವರವೋ ಅಲ್ಲಿರುವ ಸಂಭವ ಹೆಚ್ಚು. ಕೆಲವು ಚುಕ್ಕೆಗಳು ಆಂಡ್ರೋಮಿಡಾಕ್ಕೆ ಸೇರಿದವೇ ಅಲ್ಲ. ದಾರಿಯಲ್ಲಿ ಅಡ್ಡಬಂದ ನಮ್ಮವೇ ನಕ್ಷತ್ರಗಳು, ಇಲ್ಲವೇ ಬಹುದೂರದ ಹಿನ್ನೆಲೆಯಲ್ಲಿರುವ ಬೇರೆ ಗೆಲಾಕ್ಸಿಗಳ ಉಜ್ವಲ ಕೇಂದ್ರಗಳು.

ಇಷ್ಟೆಲ್ಲ ಪರೀಕ್ಷೆಗಳಾದ ಮೇಲೂ ಆ 856ರಲ್ಲಿ 567 ಮೂಲಗಳು 'ಕಠಿಣ' ಎಂಬ ಒಂದೇ ಶೀರ್ಷಿಕೆಯಡಿ ಉಳಿದವು. ಅವು ಆಂಡ್ರೋಮಿಡಾದ ಜೋಡಿ ನಕ್ಷತ್ರಗಳಾಗಿರಬಹುದು, ಏಡಿ ನೀಹಾರಿಕೆಯಂಥ ಅವಶೇಷಗಳಾಗಿರಬಹುದು, ಹಿನ್ನೆಲೆಯ ಗೆಲಾಕ್ಸಿಗಳೂ ಆಗಿರಬಹುದು. ಸುಮಾರು ಮೂರರಲ್ಲಿ ಎರಡು ಪಾಲಿಗೆ ನಿಶ್ಚಿತವಾದ ಹೆಸರಿಲ್ಲ! ಊಹೆಯಿಂದ ಆ ಸ್ಥಾನಗಳನ್ನು ತುಂಬಿದ್ದರೆ ಪಟ್ಟಿಯು ನೋಡಲು ಅಂದವಾಗಿರುತ್ತಿತ್ತು. ಆದರೆ ಅದನ್ನು ನಂಬಿ ಲೆಕ್ಕ ಮುಂದುವರಿಸುವವರೆಲ್ಲ ದಾರಿ ತಪ್ಪುತ್ತಿದ್ದರು. ಅರಿಯದುದನ್ನು ಅರಿಯೆನೆಂದು ಬರೆದಿಡುವುದೂ ಅರಿವಿನ ಒಂದು ಅಂಗವೆಂಬುದಕ್ಕೆ ಈ ಪಟ್ಟಿ ಸಾಕ್ಷಿ.

ಮುಂದಿನ ಪರೀಕ್ಷಕನೆಂದರೆ ಕಾಲ. 2011ರಲ್ಲಿ ಪ್ರಕಟವಾದ ವಿಸ್ತೃತ ಸಮೀಕ್ಷೆಯು 1897 ಮೂಲಗಳನ್ನು ಪಟ್ಟಿಮಾಡಿ, ಹಲವು ವರ್ಷಗಳ ವೀಕ್ಷಣೆಗಳನ್ನು ಜೊತೆಯಿಟ್ಟು ನೋಡಿತು. ಅನೇಕ ಜ್ಯೋತಿರ್ವರ್ಷಗಳಷ್ಟು ಹರಡಿದ ಸೂಪರ್‌ನೋವಾ ಅವಶೇಷವು ತಿಂಗಳೊಪ್ಪತ್ತಿನಲ್ಲಿ ಒಮ್ಮೆಲೇ ಹೊಳೆದು ಮಂಕಾಗಲಾರದು. ಹಾಗೆ ಏರಿಳಿಯುವ ಚುಕ್ಕೆಗೆ ಆ ಹೆಸರು ಸಲ್ಲದು. ಬಹು ಪಟ್ಟು ಏರಿಳಿದರೆ ಅದು ಜೋಡಿ ನಕ್ಷತ್ರವೆಂಬ ಅನುಮಾನ ಬಲವಾಗುತ್ತದೆ. ಒಂದು ದಿನದ ನೋಟವು ಹೇಳದುದನ್ನು ಹಲವು ವರ್ಷಗಳ ನೋಟವು ಹೇಳಿತು.

ವಿಂಗಡಿಸುವ ಕೆಲಸ ಖಗೋಳಜ್ಞರಿಗಷ್ಟೇ ಮೀಸಲಲ್ಲ. ಶಾಲೆಯಲ್ಲಿಯೂ ಹೊಸ ವರ್ಷದ ಮೊದಲ ಕಿರುಪರೀಕ್ಷೆ ಮುಗಿಯುತ್ತಲೇ ಇವನು ಜಾಣ, ಅವಳು ಮಂದಮತಿ ಎಂಬ ವಿಭಾಗ ಮೂಡಿಬಿಡುತ್ತದೆ. ಒಮ್ಮೆ ಅಂಟಿದ ಹೆಸರನ್ನು ಮಗು ಬಹುಕಾಲ ಹೊತ್ತು ತಿರುಗುತ್ತದೆ. ನಿರ್ಜೀವವಾದೊಂದು ಚುಕ್ಕೆಗೆ ಹೆಸರಿಡಲು ವಿದ್ವಾಂಸರು ವರ್ಷಗಟ್ಟಲೆ ಕಾಯಬಲ್ಲರಾದರೆ, ಬೆಳೆಯುವ ಜೀವದ ಮುಂದೆ ಒಂದೆರಡು ವರ್ಷ ಆ ಸ್ಥಾನವನ್ನು ಖಾಲಿ ಬಿಡುವುದು ಗುರುವಿಗೆ ಭಾರವಾಗಲಾರದು.