ಅನುಭವ: ಇಲ್ಲ

ಪಿಎಚ್‌.ಡಿ. ಮಾಡುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮೂರ ಕಡೆ ಇನ್ನೂ ಉಳಿದಿದೆ. ಹಾಗಾಗಿ ರಜೆಗೆ ಹೊನ್ನಾವರಕ್ಕೆ ಬಂದರೆ ಸಾಕು, ಭಟ್ಕಳದಿಂದ ಕುಮಟಾದವರೆಗಿನ ಪದವಿ ವಿದ್ಯಾರ್ಥಿಗಳು ಒಬ್ಬರಲ್ಲ ಒಬ್ಬರು ಇಂಟರ್ನ್‌ಶಿಪ್ ಸಂದರ್ಶನಕ್ಕೆ ತಯಾರಿ ಮಾಡಿಸಿ ಎಂದು ಬರುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಥರದ ಹಾಳೆ. ಅದರಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷಿನ ಒಂದು ಪ್ಯಾರಾ: ನಾನು ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ, ಬೇಗ ಕಲಿಯುತ್ತೇನೆ. ಕೆಳಗೆ ‘ಅನುಭವ’ ಎಂಬಲ್ಲಿ ‘ಇಲ್ಲ’.

ನನ್ನ ತಕರಾರು ಇರುವುದು ಈ ‘ಇಲ್ಲ’ದ ಜೊತೆ.

2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾಯಿತು. ಶುರುವಾದಾಗ ಅದರಲ್ಲಿ ಇದ್ದದ್ದು 21ರಿಂದ 24 ವರ್ಷದವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು ಕೆಲಸ ಕಲಿಯುವ ಅವಕಾಶ. ಆರಂಭದಲ್ಲಿ ಗೊತ್ತುಮಾಡಿದ ಸ್ಟೈಪೆಂಡ್ ತಿಂಗಳಿಗೆ 5,000 ರೂಪಾಯಿ, ಅದರ ಜೊತೆ ಒಂದು ಸಲಕ್ಕೆ 6,000. ನನ್ನ ವಯಸ್ಸು ಆ ಮಿತಿ ದಾಟಿದೆ. ಕೇಳಲು ಬರುವವರದ್ದು ದಾಟಿಲ್ಲ. ಅನುಭವ ಪಡೆಯುವುದಕ್ಕೆಂದೇ ಹೋಗುವ ಜಾಗದಲ್ಲಿ ಅನುಭವ ಇಲ್ಲವೆಂದು ಅವರು ನಾಚಿಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ಶರಾವತಿ ಅಳಿವೆಯ ಆಚೆ ದಡದ ಕಾಸರಕೋಡಿನಿಂದ ಒಬ್ಬಳು ಬಿ.ಕಾಂ. ಹುಡುಗಿ ಬಂದಿದ್ದಳು. ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವರು. “ನಂಗೆ ಎಂತ ಅನುಭವವೂ ಇಲ್ಲ ಅಕ್ಕಾ” ಎಂದಳು. ಮನೆಯಲ್ಲಿ ಉದ್ರಿ ಲೆಕ್ಕ ಬರೆಯುವವರು ಯಾರು ಎಂದು ಕೇಳಿದೆ. ಎಂಟನೇ ಕ್ಲಾಸಿನಿಂದ ಅವಳೇ. ಯಾವ ಮನೆಯವರು ತಿಂಗಳ ಕೊನೆಗೆ ಕೊಡುತ್ತಾರೆ, ಯಾರಿಗೆ ಎಷ್ಟಕ್ಕಿಂತ ಹೆಚ್ಚು ಬಾಕಿ ಬಿಡಬಾರದು, ಎಲ್ಲ ಅವಳ ನೋಟ್‌ಬುಕ್ಕಿನಲ್ಲಿದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಬಂದರಿಗೆ ಮೀನು ಬರುವುದು ತೀರ ಕಡಿಮೆ. ಅದಕ್ಕೇ ಮೇ ಮುಗಿಯುವುದರೊಳಗೆ ಬಾಕಿ ವಸೂಲಾಗಬೇಕು, ಮಳೆಗಾಲದ ಅಕ್ಕಿಗೆ, ಶಾಲೆ ಫೀಸಿಗೆ ದುಡ್ಡು ಬೇರೆ ಇಡಬೇಕು. ಇಷ್ಟನ್ನು ಒಂದೇ ಉಸಿರಿಗೆ ಹೇಳಿದವಳು ಕೊನೆಗೆ ಕೇಳಿದಳು: “ಅದೆಲ್ಲ ಅಲ್ಲಿ ಹೇಳೂದಾ ಅಕ್ಕಾ? ಮೀನಿನ ಲೆಕ್ಕ ಅದು.”

ಹೇಳಬೇಕು. ಅವಳು ಅರ್ಜಿ ಹಾಕಿದ್ದು ಒಂದು ಹಣಕಾಸು ಕಂಪನಿಗೆ. ಸಾಲ ಯಾರಿಗೆ ಕೊಡಬೇಕು, ವಸೂಲಿ ಯಾವಾಗ ಮಾಡಬೇಕು, ಆದಾಯ ನಿಲ್ಲುವ ತಿಂಗಳನ್ನು ಹೇಗೆ ದಾಟಬೇಕು ಎಂಬುದೇ ಅಲ್ಲಿಯ ಕೆಲಸ.

ಆದರೆ ಬಡತನದ ಕಥೆ ಹೇಳಿ ಕರುಣೆ ಗಿಟ್ಟಿಸುವುದು ಬೇರೆ, ಮಾಡಿದ ಕೆಲಸವನ್ನು ಕೆಲಸವೆಂದು ಹೇಳುವುದು ಬೇರೆ. ಎರಡನೆಯದಕ್ಕೆ ತಯಾರಿ ಬೇಕು. ನಾವು ಅವಳ ಉತ್ತರವನ್ನು ನಾಲ್ಕು ಪ್ರಶ್ನೆಗಳಲ್ಲಿ ಕಟ್ಟಿದೆವು: ತೊಂದರೆ ಏನಿತ್ತು, ನೀನು ಏನು ನಿರ್ಧಾರ ಮಾಡಿದೆ, ಯಾಕೆ, ಕೊನೆಗೆ ಏನಾಯಿತು. ‘ನಾವು’ ಎಂದಲ್ಲಿ ‘ನಾನು’ ಎನ್ನುವುದಕ್ಕೇ ಅವಳಿಗೆ ಎರಡು ಸಂಜೆ ಬೇಕಾಯಿತು. ದೊಡ್ಡವರ ಮುಂದೆ ‘ನಾನು ಮಾಡಿದೆ’ ಎನ್ನುವುದು ಸೊಕ್ಕು ಎಂದು ಕಲಿಸಿದ ಮನೆಗಳು ನಮ್ಮವು.

ಕುಮಟಾ ಕಡೆಯ ಹುಡುಗನದ್ದೂ ಇದೇ ಕಥೆ. ಅಘನಾಶಿನಿ ಹಿನ್ನೀರಿನ ಗಜನಿಯಲ್ಲಿ ಅವರದ್ದು ಸ್ವಲ್ಪ ಜಮೀನು. ಮಳೆಗಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಶೆಟ್ಲಿ, ಮೀನು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ ನೋಡಿ ತೂಬಿನ ಹಲಗೆ ಎತ್ತುವುದು, ಇಳಿಸುವುದು ಅವನ ಪಾಲಿನ ಕೆಲಸ. ಪರಿಸರ ಸಮೀಕ್ಷೆಯ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದವನು ಇದನ್ನು ಬಿಟ್ಟು, ಯೂಟ್ಯೂಬಿನಲ್ಲಿ ನೋಡಿದ ಹವಾಮಾನ ಬದಲಾವಣೆಯ ವ್ಯಾಖ್ಯೆ ಉರುಹೊಡೆಯುತ್ತಿದ್ದ. ವ್ಯಾಖ್ಯೆಯೂ ಬೇಕು, ಬೇಡವೆನ್ನಲಾರೆ. ಆದರೆ ಅದು ಎಲ್ಲರ ಬಾಯಲ್ಲೂ ಇರುತ್ತದೆ; ತೂಬಿನ ಹಲಗೆ ಇವನೊಬ್ಬನ ಬಳಿ ಇದೆ.

ತಯಾರಿಯ ಇನ್ನೊಂದು ಅರ್ಧ ನಾವು ಕೇಳಬೇಕಾದ ಪ್ರಶ್ನೆಗಳದ್ದು. ‘ನಿಮಗೇನಾದರೂ ಕೇಳಲಿಕ್ಕಿದೆಯೇ’ ಎಂದಾಗ ‘ಇಲ್ಲ ಸರ್’ ಎಂದು ಎದ್ದು ಬರುವುದು ನಮ್ಮ ರೂಢಿ. ಸ್ಟೈಪೆಂಡ್ ಎಷ್ಟು, ಯಾವ ದಿನ ಬರುತ್ತದೆ? ಕೆಲಸ ಕಲಿಸುವವರು ಯಾರು? ಇರಲು ವ್ಯವಸ್ಥೆ ಇದೆಯೇ? ಬೆಂಗಳೂರಿನಲ್ಲಿ 5,000 ರೂಪಾಯಿಗೆ ಪೀಜಿಯ ಹಾಸಿಗೆ ಸಿಕ್ಕರೆ ಊಟಕ್ಕೆ ಉಳಿಯುವುದು ಕಷ್ಟ. ಉಳಿದದ್ದನ್ನು ಕಳಿಸುವುದು ಅದೇ ಮೀನಿನ ಬುಟ್ಟಿ. ಹಾಗಿರುವಾಗ ದುಡ್ಡಿನ ಮಾತು ಎತ್ತುವುದು ದುರಾಸೆಯಲ್ಲ. ಲೆಕ್ಕ ಕೂಡದಿದ್ದರೆ ಬೇಡವೆನ್ನುವುದಕ್ಕೂ ತಯಾರಿ ಬೇಕು.

ಭಟ್ಕಳದ ಒಬ್ಬ ಹುಡುಗ ಅರ್ಜಿಯ ಭಾಷೆಗಳ ಸಾಲಿನಲ್ಲಿ ಇಂಗ್ಲಿಷ್, ಕನ್ನಡ ಎಂದಷ್ಟೇ ಬರೆದಿದ್ದ. ಮನೆಯಲ್ಲಿ ಆಡುವುದು ನವಾಯತಿ, ಓದಲು ಬರೆಯಲು ಉರ್ದು ಬರುತ್ತದೆ, ಅಂಗಡಿಯಲ್ಲಿ ಹಿಂದಿ. “ನವಾಯತಿ ಬರೆದರೆ ಅವರಿಗೆ ಅದು ಯಾವ ಭಾಷೆ ಅಂತಲೇ ಗೊತ್ತಾಗುವುದಿಲ್ಲವಲ್ಲ ಅಕ್ಕಾ” ಎಂದ. ಗೊತ್ತಾಗದಿದ್ದರೆ ಕೇಳುತ್ತಾರೆ, ಕೊಂಕಣಿಯ ಬಳಗದ್ದು, ಅರಬಿ-ಫಾರ್ಸಿ ಲಿಪಿಯಲ್ಲಿ ಬರೆಯುತ್ತೇವೆ ಎಂದು ಹೇಳು ಎಂದೆ. ಇಡೀ ಸಂದರ್ಶನದಲ್ಲಿ ಉತ್ತರ ಗೊತ್ತಿರುವುದು ನಿನಗೊಬ್ಬನಿಗೇ ಎಂಬಂಥ ಪ್ರಶ್ನೆ ಅದೊಂದಾದರೂ ಇರಲಿ. ಅವನು ಪೆನ್ನು ತೆಗೆದು ಬರೆದ. ಆ ಸಾಲಿಗೆ ಐದು ಭಾಷೆಯ ಜಾಗ ಇರಲಿಲ್ಲ. ಕೊನೆಯದನ್ನು ಅಂಚಿನಲ್ಲಿ, ಸ್ವಲ್ಪ ಚಿಕ್ಕದಾಗಿ ಬರೆಯಬೇಕಾಯಿತು.